ಅಕ್ಕನ ಸ್ಮಶಾನದ ಕಾರ್ಡುಗಳು

ಮಗ ತರಿಸಿದ ಭೂತದಾಟದ ಹೊಸ ಕಾರ್ಡುಗಳ ವಾಸನೆ ಮೂಗಿಗೆ ಬಡಿದಿದ್ದೇ ತಡ, ಮಿರಜದ ನಮ್ಮ ಪಡಸಾಲೆ ಕಣ್ಣೆದುರು ಬಂತು.

ಓಣಿಗೆ ಕೇಬಲ್ ಟೀವಿ ಬಂದ ಹೊಸತು. ಅದರಲ್ಲಿ ಕಂಡ ರಾಕ್ಷಸರನ್ನೆಲ್ಲ ಅಕ್ಕ ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ ಬರೆದು ಕಾರ್ಡಿನಾಟ ಹೂಡಿದ್ದಳು. ತನಗೆ ಮಾತ್ರ ಸ್ಮಶಾನದ ಕಾರ್ಡುಗಳ ಕಟ್ಟು. ಅದರಲ್ಲಿ ಸತ್ತವರೆಲ್ಲ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು.

"ಸತ್ತವರು ಮಲಗಿರ್ತಾರ, ಅಕ್ಕಾ," ಎಂದು ನೆರೆಮನೆಯ ಸುನೀಲ ನಕ್ಕ.

"ನಮ್ಮಲ್ಲಿ ಕುಂಡ್ರಿಸಿ ಮಣ್ಣು ಮಾಡ್ತಾರೋ. ಅದಕ್ಕ ನಮ್ಮವ್ರು ಲಗೂ ಏಳ್ತಾರ!" ಎಂದವಳೇ ಸತ್ತವರನ್ನೆಲ್ಲ ಎಬ್ಬಿಸಿ ಆಟ ಗೆದ್ದಳು.

ಅಡಿಕೆ ಕತ್ತರಿಸುತ್ತಿದ್ದ ಅಜ್ಜ ಬೆನ್ನು ನೆಟ್ಟಗೆ ಮಾಡಿ ಕುಳಿತರು. "ನಂದೂ ಒಂದು ಕಾರ್ಡು ಬರಿ, ಯವ್ವಾ."

ಮಗನ ಕಾರ್ಡುಗಳಲ್ಲಿ ಸತ್ತವರೆಲ್ಲ ಅಂಗಾತ ಬಿದ್ದಿದ್ದಾರೆ. ಪಾಪ, ಅವರು ಏಳೋದು ಯಾವಾಗ? ಅಕ್ಕ ಅಂದು ಬರೆದುಕೊಟ್ಟಿದ್ದ, ನಾನು ಇಷ್ಟು ವರ್ಷ ಜೋಪಾನವಾಗಿಟ್ಟಿದ್ದ ಅಜ್ಜನ ಕಾರ್ಡು ತಂದು ಎಲ್ಲರಿಗಿಂತ ಮೇಲೆ ಇಟ್ಟೆ.