ದಿಂಬಿನಡಿಯ ಅರ್ಧ ರೊಟ್ಟಿ

ಜನವರಿಯ ಎರಡನೇ ಮಂಗಳವಾರ, ಬೆಳಿಗ್ಗೆ ಆರೂವರೆ, ಕೊಪ್ಪಳ ಬಸ್ ನಿಲ್ದಾಣ. ಹಾಜರಿದ್ದವರು ನಾನು ಮತ್ತು ನನ್ನ ಪತ್ನಿ ಫಾತಿಮಾ. ಆಕೆಗೆ ಟಿಕೆಟ್ ಉಚಿತ, ನನಗೆ ಹಿರಿಯರ ರಿಯಾಯಿತಿ. ಹೊರಟದ್ದು ಬೇವೂರಿಗೆ, ಹನುಮಪ್ಪನ ಮನೆಗೆ. ಎಪ್ಪತ್ತೊಂದರ ಯುದ್ಧದಲ್ಲಿ ನಾನೂ ಅವನೂ ಒಟ್ಟಿಗೆ ಸೆರೆಸಿಕ್ಕು, ಒಂದೇ ಬ್ಯಾರಕ್ಕಿನಲ್ಲಿದ್ದವರು.

ಹಿಂದಿನ ದಿನ ಅವನ ಸೊಸೆ ಗಂಗವ್ವ ಫೋನಿನಲ್ಲಿ ಅತ್ತಿದ್ದಳು. ಮಾವ ದಿನವೂ ಊಟದಲ್ಲಿ ಅರ್ಧ ರೊಟ್ಟಿ ತೆಗೆದು ದಿಂಬಿನಡಿ ಬಚ್ಚಿಡುತ್ತಾನೆ. ಸೊಸೆ ಹೊಟ್ಟೆಗೆ ಹಾಕುವುದಿಲ್ಲವೆಂದು ಓಣಿಯಲ್ಲೆಲ್ಲ ಮಾತು. ಕುಷ್ಟಗಿಯ ತವರಿಗೆ ಹೋಗಿಬಿಡುತ್ತೇನೆ ಎಂದಿದ್ದಳು.

ಯಲಬುರ್ಗಾದಲ್ಲಿ ಬಸ್ಸು ಬದಲಿಸುವ ಮುನ್ನ ಮಂಡಕ್ಕಿ, ಮಿರ್ಚಿ ತಿಂದೆವು. ಚಳಿ ಬಿಟ್ಟಿರಲಿಲ್ಲ. ಮುಂದೆ ದಾರಿಯ ಎರಡೂ ಬದಿ ಬಿಳಿಜೋಳ ತೆನೆ ಬಿಟ್ಟಿತ್ತು. ಹತ್ತಕ್ಕೆ ಬೇವೂರು.

ಹನುಮಪ್ಪ ಕಟ್ಟೆಯ ಮೇಲೆ ಕೂತಿದ್ದ. "ಏ ಸಾಬ, ಇನ್ನೂ ಬೂಟಿಗೆ ಪಾಲೀಶ್ ಹಚ್ಚತೀಯೇನು? ಯಾವ ಕರ್ನಲ್ ನೋಡಾಕ ಬರ್ತಾನಲೇ?"

"ನಿನ್ನ ದಿಂಬು ತಪಾಸಣಿ ಮಾಡಾಕ ಬಂದೇನಿ," ಎಂದೆ. ಅವನ ನಗೆ ನಿಂತಿತು.

ಎಲ್ಲರೂ ಒಳಗೆ ಹೋದಾಗ ಗಂಗವ್ವ ದಿಂಬೆತ್ತಿ ತೋರಿಸಿದಳು. ಬೂಸ್ಟು ಹಿಡಿದ ತುಂಡುಗಳು, ಸಾಲುಗಟ್ಟಿದ ಇರುವೆ. "ನೋಡ್ರಿ ಕಾಕಾ, ನಾ ಏನ್ ಕಡಿಮಿ ಮಾಡೀನಿ? ಕೇಳಿದ್ರ ಬಾಯಿ ಬಿಡಂಗಿಲ್ಲ."

ಹನುಮಪ್ಪ ಗೋಡೆಯತ್ತ ತಿರುಗಿದ. ನಾನೇ ಹೇಳಬೇಕಾಯಿತು. ಸೆರೆಯಲ್ಲಿ ನನಗೆ ಜ್ವರ ಬಂದು ಊಟದ ಸಾಲಿಗೆ ಏಳಲಾಗದಿದ್ದಾಗ, ಇವನು ತನ್ನ ರೊಟ್ಟಿಯಲ್ಲಿ ಅರ್ಧವನ್ನು ಕಂಬಳಿಯಡಿ ಮುಚ್ಚಿಟ್ಟು, ನನಗೆ ಎಚ್ಚರವಾದಾಗ ನೀರಲ್ಲಿ ನೆನೆಸಿ ತಿನ್ನಿಸುತ್ತಿದ್ದ. ನಾನು ಊರು ಕಂಡದ್ದು ಆ ಅರ್ಧ ರೊಟ್ಟಿಯಿಂದ.

"ಕೈ ತಾನ ಇಡತೈತವ್ವ," ಎಂದ ಹನುಮಪ್ಪ. "ನಿಮ್ಮತ್ತಿ ಇರೂತನಕ ಯಾರಿಗೂ ಗೊತ್ತಾಗದಂಗ ದಿಂಬಿನ ಬುಡಕಿಂದು ತೆಗೀತಿದ್ಲು."

ಗಂಗವ್ವ ಕಣ್ಣೊರೆಸಿಕೊಂಡಳು. ಮರುಕ್ಷಣವೇ ಗದರಿದಳು: "ಮೊದಲ ಹೇಳಿದ್ರ ಖಡಕ್ ರೊಟ್ಟಿ ಮಾಡ್ತಿದ್ದಿಲ್ಲೇನ್ರಿ ಮಾವಾ? ಮೆತ್ತನ್ನ ರೊಟ್ಟಿ ಇಟ್ರ ಇರುವಿ ಬರದ ಏನ್ ಬರ್ತಾವ?"

ಫಾತಿಮಾ ಹಿಟ್ಟು ನಾದಿದಳು, ಗಂಗವ್ವ ಬಡಿದಳು. ಬೇಯಿಸಿದ ರೊಟ್ಟಿಗಳನ್ನು ಒಲೆಯ ಸುತ್ತ ನಿಲ್ಲಿಸಿ ಒಣಗಿಸಿದರು. ಮಧ್ಯಾಹ್ನ ಗಂಗವ್ವ ತವರಿಗೆಂದು ಕಟ್ಟಿಟ್ಟಿದ್ದ ಚೀಲ ಬಿಚ್ಚಿ ಹಳೆಯ ಸೀರೆಯೊಂದನ್ನು ತೆಗೆದು, ಅದರಲ್ಲಿ ರೊಟ್ಟಿ ಸುತ್ತಿ, ಮಾವನ ಮಂಚದ ಪಕ್ಕದ ಗೂಟಕ್ಕೆ ತೂಗುಹಾಕಿದಳು.

"ತಿಂಗಳಾದ್ರೂ ಕೆಡಂಗಿಲ್ಲ. ಈಗ ತಾಟಿನಾಗಿಂದು ಪೂರಾ ಉಣ್ರಿ."

ಅವನು ಗಂಟನ್ನೊಮ್ಮೆ ಮುಟ್ಟಿ ನೋಡಿ ಉಣ್ಣಲು ಕೂತ. ತಾಟಿನಲ್ಲಿ ಏನೂ ಉಳಿಯಲಿಲ್ಲ.

ನಾನು ದಿಂಬಿನ ಗಲೀಫು ಒಗೆದು ಹಗ್ಗಕ್ಕೆ ಹಾಕಿದೆ.

"ನೀರು ಸೋರಾಕ ಹತ್ತೈತಿ. ಗಟ್ಟಿ ಹಿಂಡಲೇ ಸಾಬ!" ಎಂದು ಹನುಮಪ್ಪ ಕಟ್ಟೆಯಿಂದಲೇ ಕೂಗಿದ.

ಮತ್ತೊಮ್ಮೆ ಹಿಂಡಿ, ಜಾಡಿಸಿ ಹಾಕಿ, ನಾಲ್ಕರ ಬಸ್ಸಿಗೆ ನಡೆದೆವು.