ಟ್ರೇಲರಿನೊಳಗೆ ನಿಂತು ಆರಿಸಿದ ಕಾರು

ಬ್ರೇಕ್ ಹಾಕಿದರೆ ಮುಂದಿನ ಗಾಡಿ ನಿಲ್ಲುತ್ತದೆ, ಸರಿ. ಹಿಂದಿನ ಟ್ರೇಲರ್ ಮತ್ತು ಅದರೊಳಗಿನ ಕುದುರೆ ನಿಲ್ಲದಿದ್ದರೆ? ಈ ಒಂದು ಪ್ರಶ್ನೆ ಆ ತಿಂಗಳಿಡೀ ನನ್ನ ತಲೆಯಿಂದ ಇಳಿಯಲೇ ಇಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಮಗಳ ಜಡೆ ಹೆಣೆಯುವಾಗ ಅದೇ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು: ಹಿಂದಿನ ಸೀಟಿನಲ್ಲಿ ಐದು ವರ್ಷದ ನನ್ನ ಮಗಳು, ಅವಳ ಬೆನ್ನ ಹಿಂದೆ ಒಂದು ಕೊಕ್ಕೆ, ಆ ಕೊಕ್ಕೆಗೆ ಸಿಕ್ಕಿಸಿದ ಒಂದು ಟನ್ನಿಗೂ ಮೀರಿದ ಭಾರ. ಸ್ಟೀರಿಂಗ್ ಹಿಡಿದು ಕೂತವರು ಅರವತ್ತಮೂರು ವರ್ಷದ ನನ್ನ ಅತ್ತೆ.

ಅತ್ತೆ ಒಂದು ಸವಾರಿ ಕ್ಲಬ್ಬಿನ ಲಾಯದಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಬೇರೆಯವರ ಕುದುರೆಗಳ ಲದ್ದಿ ಬಾಚಿ, ಮೈ ತಿಕ್ಕಿ, ಗೊರಸಿನ ಸಂದಿಯಿಂದ ಕಲ್ಲು ಕೆದಕಿ ತೆಗೆದು ಮಗನನ್ನು ಓದಿಸಿದವರು. ಕ್ಲಬ್ಬು ಮುಚ್ಚಿದಾಗ ಎಲ್ಲ ಕುದುರೆಗಳೂ ಮಾರಾಟವಾದವು. ಹಿಂಗಾಲು ಕೊಂಚ ಎಳೆದು ಹಾಕುವ ಒಂದು ಹೆಣ್ಣು ಕುದುರೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಅತ್ತೆ ಅದರ ಹಗ್ಗ ಹಿಡಿದು ಎರಡು ಗಂಟೆ ನಡೆಸಿಕೊಂಡು ಮನೆಗೆ ತಂದರು. ಬಂದವರನ್ನೆಲ್ಲ ಹೋಂವರ್ಕ್ ಮಾಡಿಕೊಂಡು ಬಂದಿದ್ದೀಯಾ ಎನ್ನುವ ಹಾಗೆ ನೋಡುವುದರಿಂದ ಅದಕ್ಕೆ ಮೇಡಂ ಎಂದು ಹೆಸರು ಬಿತ್ತು. ಮಾವ ಬದುಕಿದ್ದಾಗ, "ಈ ಮನೇಲಿ ಮೊದಲು ಮೇಡಂಗೆ ನೀರು, ಆಮೇಲೆ ನನಗೆ ಚಹಾ" ಎಂದು ಸಿಕ್ಕವರ ಹತ್ತಿರವೆಲ್ಲ ದೂರು ಹೇಳುತ್ತಿದ್ದರಂತೆ.

ನಮ್ಮ ಅಡುಗೆಮನೆಯಲ್ಲಿ ನಾಲ್ಕು ಕುರ್ಚಿಗಳಿವೆ, ಒಂದು ಜೀನಿಗೆ ಮೀಸಲು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಅದು ಗೊತ್ತಿರದೆ ಜೀನನ್ನು ನೆಲಕ್ಕಿಟ್ಟು ಅಲ್ಲೇ ಕೂತುಬಿಟ್ಟಿದ್ದೆ. ಅತ್ತೆ ಊಟ ಮುಗಿಯುವವರೆಗೆ ಜೀನನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ತಿಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಪ್ರತಿ ಗುರುವಾರ ಅವರು ಮೇಡಂಳನ್ನು ಟ್ರೇಲರಿಗೆ ಹತ್ತಿಸಿ ಪಟ್ಟಣದ ಆಚೆ ತುದಿಯ ಒಂದು ಶಾಲೆಗೆ ಹೋಗುತ್ತಾರೆ. ಕಾಲು ಮಾತು ಕೇಳದ ಮಕ್ಕಳ ಶಾಲೆ ಅದು. ಒಂಬತ್ತು ಮಕ್ಕಳು, ಒಬ್ಬೊಬ್ಬರಿಗೂ ಹತ್ತು ನಿಮಿಷದ ಸವಾರಿ. ಶಾಲೆಯವರು ಕೊಡುವುದರಲ್ಲಿ ಮೇಡಂಳ ಹುಲ್ಲಿನ ಖರ್ಚು ಕಳೆಯುತ್ತದೆ. ಆದರೆ ಗುರುವಾರ ಸಂಜೆ ಅತ್ತೆಯ ಮುಖ ನೋಡಿದವರಿಗೆ ಅವರು ಹುಲ್ಲಿಗಾಗಿ ಹೋಗುತ್ತಿಲ್ಲ ಎಂದು ತಿಳಿಯುತ್ತದೆ. "ಆ ಚಿಕ್ಕವಳು ಇವತ್ತು ಮುಷ್ಟಿ ಬಿಚ್ಚಿ ಕುತ್ತಿಗೆ ಸವರಿದ್ಲು" ಎನ್ನುತ್ತಾರೆ, ಅಷ್ಟೇ. ಅಷ್ಟು ಸಾಕು, ಒಂದು ವಾರ ನಡೆಯುತ್ತದೆ.

ಈ ವರ್ಷ ಅವರ ಹಳೆಯ ಪಿಕಪ್ ಕೈಕೊಟ್ಟಿತು. ಮೆಕ್ಯಾನಿಕ್ ಅಡಿಯಲ್ಲಿ ಮಲಗಿ ಸ್ಕ್ರೂಡ್ರೈವರಿನಿಂದ ತಿವಿದ. ಅದು ಚಾಸಿಯ ಕಬ್ಬಿಣದೊಳಗೆ ಸಲೀಸಾಗಿ ಹೋಯಿತು. "ಅಮ್ಮಾ, ಇದು ಗಾಡಿ ಅಲ್ಲ, ಬಣ್ಣ ಹೊಡ್ದಿರೋ ತುಕ್ಕು" ಎಂದ. ಶಾಲೆಯ ಮುಖ್ಯೋಪಾಧ್ಯಾಯಿನಿ ಒಳ್ಳೆಯವರೇ. ಆದರೂ ಖಚಿತವಾಗಿ ಹೇಳಿದರು: ಮೂರು ಗುರುವಾರ ಕಾಯಬಹುದು, ನಾಲ್ಕನೆಯದಕ್ಕೂ ಕುದುರೆ ಬರದಿದ್ದರೆ ಆ ಮೈದಾನವನ್ನೂ ಹೊತ್ತನ್ನೂ ಚೆಂಡಾಟದ ತರಬೇತಿಗೆ ಬಿಟ್ಟುಕೊಡಬೇಕಾಗುತ್ತದೆ, ಮತ್ತೆ ವರ್ಷ ಕಳೆಯುವವರೆಗೂ ಸಿಗುವುದಿಲ್ಲ.

ಇದರ ಮೇಲೆ ಅತ್ತೆ ಮೊಮ್ಮಗಳಿಗೆ ಮಾತು ಕೊಟ್ಟುಬಿಟ್ಟಿದ್ದರು. ಪಿಕಪ್ಪಿನಲ್ಲಿ ಮಗುವಿಗೆ ಜಾಗವಿರಲಿಲ್ಲ. "ಹೊಸ ಗಾಡೀಲಿ ನಿಂಗೊಂದು ಸೀಟು ಕಣೇ" ಎಂದಿದ್ದರು. ನನಗೆ ದಿಗಿಲು ಹತ್ತಿದ್ದು ಆಗಲೇ.

ಗಾಡಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಯಜಮಾನರು, "ಪಟ್ಟಿ ಮಾಡೋದು ಅಂದ್ರೆ ನಿಂಗೆ ಪ್ರಾಣ ಅಲ್ವಾ, ನೀನೇ ನೋಡು" ಎಂದು ಕೈತೊಳೆದುಕೊಂಡರು. ನಾನು ಏಳು ಕಾಲಮ್ಮಿನ ಪಟ್ಟಿ ಮಾಡಿದೆ. ಬೆಲೆ, ವಯಸ್ಸು, ಲೀಟರಿಗೆ ಎಷ್ಟು ಓಡುತ್ತದೆ, ಸೀಟು ಬೆಲ್ಟು, ಎಷ್ಟು ಭಾರ ಎಳೆಯಬಹುದು. ಟ್ರೇಲರಿನ ಮೇಲಿನ ಫಲಕ ನೋಡಿದೆ: ಏಳುನೂರ ಇಪ್ಪತ್ತು ಕಿಲೋ. ಒಂದು ಪುಟಾಣಿ ಪೆಟ್ರೋಲ್ ಕಾರು ಸಾವಿರ ಕಿಲೋ ಎಳೆಯುತ್ತದೆ, ಕುಡಿಯುವುದು ಹಕ್ಕಿಯಷ್ಟು, ಬೆಲೆಯೂ ನಮ್ಮ ಕೈಗೆ ಎಟಕುವಂಥದ್ದು. ನನಗೆ ನನ್ನ ಮೇಲೇ ಪ್ರೀತಿ ಬಂದುಬಿಟ್ಟಿತು. ಪಟ್ಟಿ ತಂದು ಅತ್ತೆಯ ಮುಂದಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಎಲ್ಲ ಚೆನ್ನಾಗಿದೆ. ಮೇಡಂ ನಡ್ಕೊಂಡು ಬರ್ತಾಳಾ?"

ನಾನು ಕುದುರೆಯನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ! ಕುದುರೆ ಟ್ರೇಲರ್ ಎಳೆಯಲು ಗಾಡಿ ಹುಡುಕಿ, ಏಳು ಕಾಲಮ್ಮು ಗೀಚಿ, ಕುದುರೆಯ ತೂಕಕ್ಕೊಂದು ಕಾಲಮ್ಮು ಹಾಕಿರಲಿಲ್ಲ. ಇವರು ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಲಿಗೆ ಓಡಿದರು. ನಗು ಅಲ್ಲಿಂದಲೂ ಕೇಳಿಸಿತು.

ಮಾರನೆಯ ದಿನ ನಾನೂ ಅತ್ತೆಯೂ ಮೇಡಂಳನ್ನು ಗುಜರಿ ಅಂಗಳದ ತೂಕದ ಕಟ್ಟೆಗೆ ನಡೆಸಿಕೊಂಡು ಹೋದೆವು. ಲಾರಿಗಳ ಸಾಲಿನಲ್ಲಿ ನಮ್ಮದೂ ಒಂದು ಸರದಿ. ಮೇಡಂ ಕಬ್ಬಿಣದ ಹಲಗೆಯ ಮೇಲೆ ಹತ್ತಿ ಫೋಟೋಗೆ ನಿಂತವಳ ಹಾಗೆ ನಿಂತಳು. ಕಿಟಕಿಯೊಳಗಿನವನು ಚೀಟಿ ಬರೆಯುತ್ತ, "ಮಾಲು ಏನಂತ ಹಾಕ್ಲಿ?" ಎಂದ.

"ಹೆಂಗಸು ಅಂತ ಹಾಕು" ಎಂದರು ಅತ್ತೆ.

ನಾನೂರ ತೊಂಬತ್ತು ಕಿಲೋ. ಜೀನು, ಹುಲ್ಲು, ನೀರಿನ ಕ್ಯಾನು ಸೇರಿ ಇನ್ನೊಂದು ಅರವತ್ತು. ಒಟ್ಟು ಸಾವಿರದ ಇನ್ನೂರ ಎಪ್ಪತ್ತು. ಪುಟಾಣಿ ಕಾರಿನ ಕನಸು ಅಲ್ಲಿಗೇ ಮುಗಿಯಿತು. ಮೆಕ್ಯಾನಿಕ್ ನನ್ನ ಪಟ್ಟಿಯ ಮೇಲೆ ಗ್ರೀಸ್ ಹತ್ತಿದ ಬೆರಳಿಟ್ಟು ಹೇಳಿದ: "ಎಳೆಯೋದೇನು ಅಕ್ಕಾ, ಯಾವುದಾದ್ರೂ ಎಳೆಯುತ್ತೆ. ಕಷ್ಟ ಇರೋದು ನಿಲ್ಸೋದ್ರಲ್ಲಿ. ಹಿಂದಿನ ಭಾರಕ್ಕಿಂತ ಮುಂದಿನ ಗಾಡಿ ತೂಕವಾಗಿರ್ಬೇಕು. ಇಲ್ಲಾಂದ್ರೆ ಇಳಿಜಾರಲ್ಲಿ ಹಿಂದಿರೋದೇ ಮುಂದಿರೋದನ್ನ ಆಡ್ಸುತ್ತೆ."

ನಾನು ಅವನ ಮಾತು ಕೇಳಿದ ಮೇಲೆ ಇನ್ನೊಂದು ತುದಿಗೆ ಹಾರಿದೆ: ಬೀದಿಯ ಅರ್ಧ ತುಂಬುವ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲವಿರುವ ಒಂದು ಭಾರೀ ಗಾಡಿಯೇ ಬೇಕು. ಒಬ್ಬ ದಲ್ಲಾಳಿ ಅಂಥದ್ದೊಂದನ್ನು ಮನೆಗೇ ತಂದ.

ಆಗ ಅತ್ತೆಯ ಪರೀಕ್ಷೆ ನೋಡಿದೆ. ಬಾನೆಟ್ ಎತ್ತಲಿಲ್ಲ, ಟೈರು ಒದೆಯಲಿಲ್ಲ. ನಮ್ಮ ಮನೆಯ ಹಿಂದೆ ಬಳಕೆಯಲ್ಲಿಲ್ಲದ ಗೋಡೌನಿನ ಸಿಮೆಂಟ್ ಅಂಗಳವಿದೆ. ಟ್ರೇಲರನ್ನು ಅಲ್ಲಿ ಗಾಡಿಗೆ ಸಿಕ್ಕಿಸಲು ಹೇಳಿದರು. ಕುದುರೆ ನಿಲ್ಲುವ ಜಾಗದಲ್ಲಿ ಐವತ್ತು ಕಿಲೋದ ಒಂಬತ್ತು ಮರಳು ಚೀಲ ಹಾಕಿಸಿದರು. "ಹತ್ತನೇ ಚೀಲ ನಾನು" ಎಂದು ತಾವೇ ಒಳಗೆ ಹತ್ತಿ ನಿಂತರು.

"ಅಮ್ಮಾ, ಏನಾದ್ರೂ ಹಿಡ್ಕೊಳ್ಳಿ" ಎಂದ ದಲ್ಲಾಳಿ.

"ಮೇಡಂಗೆ ಕೈ ಇಲ್ವಲ್ಲಪ್ಪ. ನೀನು ಓಡ್ಸು."

ಕ್ಲಬ್ಬಿನಲ್ಲಿ ಅವರು ಹೊಸ ಡ್ರೈವರುಗಳನ್ನು ಆರಿಸುತ್ತಿದ್ದದ್ದೂ ಹೀಗೆಯೇ ಅಂತೆ. ಎರಡು ಸುತ್ತು ಮುಗಿಸಿ ಇಳಿದಾಗ ತಲೆಯ ತುಂಬ ಹುಲ್ಲು, ಒಂದು ಮೊಣಕೈ ತರಚಿತ್ತು.

"ಹೇಗಿದೆ ಅಮ್ಮಾ? ಆನೆ ಎಳೆಯುತ್ತೆ ಇದು!"

"ನಮ್ಮನೇಲಿ ಆನೆ ಇಲ್ಲ. ಹೊರಡೋವಾಗ ಗೋಡೆಗೆ ಎಸೀತು, ನಿಲ್ಲೋವಾಗ ಇನ್ನೊಂದು ಗೋಡೆಗೆ." ಆಮೇಲೆ ನನ್ನ ಕಡೆ ತಿರುಗಿ, "ಇದು ಶಾಲೆಗೆ ಹೋಗಿ ಬರೋದ್ರೊಳಗೆ ಮೇಡಂನ ವಾರದ ಹುಲ್ಲು ಕುಡ್ದುಬಿಡುತ್ತೆ, ಅಲ್ವಾ?" ಎಂದರು. ಅದು ನನ್ನದೇ ಪಟ್ಟಿಯ ಮೂರನೆಯ ಕಾಲಮ್ಮು. ಆ ಗಾಡಿಯ ಮೇಲೆ ಗೀಟು ಎಳೆದೆ.

ಎರಡು ಗುರುವಾರ ಕಳೆದಿದ್ದವು. ಆಗ ಮೆಕ್ಯಾನಿಕ್ ಒಬ್ಬ ಪ್ಲಂಬರನ್ನು ಕಳಿಸಿದ. ವಯಸ್ಸಾಗಿ ಕೆಲಸ ಬಿಡುತ್ತಿದ್ದವರು. ಅವರದು ಉದ್ದನೆಯ ಬೆನ್ನಿನ, ಸಾಸಿವೆ ಬಣ್ಣದ ಹಳೆಯ ಡೀಸೆಲ್ ಕಾರು. ಒಳಗೆ ರಬ್ಬರು, ಅಂಟಿನ ವಾಸನೆ. ಆದರೆ ಕಾರಿನ ತೂಕವೇ ಸಾವಿರದ ಆರುನೂರು, ಎಳೆಯಲು ಸಾವಿರದ ಐನೂರರವರೆಗೆ ಅನುಮತಿ, ಡೀಸೆಲ್ ಕುಡಿಯುವುದು ಆ ಭಾರೀ ಗಾಡಿಯ ಅರ್ಧ. ಪೈಪು ತುಂಬಿದ ಟ್ರೇಲರ್ ಎಳೆಯಲೆಂದು ಹಾಕಿಸಿದ್ದ ಕೊಕ್ಕೆಯೂ ಇತ್ತು.

"ಹದಿಮೂರು ವರ್ಷ ವಾಶ್‌ಬೇಸಿನ್ ಸಾಗ್ಸಿದೀನಿ ಇದ್ರಲ್ಲಿ. ಒಂದೂ ಒಡ್ದಿಲ್ಲ" ಎಂದರು ಪ್ಲಂಬರ್.

ಅತ್ತೆ ಚೀಲಗಳ ನಡುವೆ ನಿಂತು ಪ್ಲಂಬರಿಂದ ಎರಡು ಸುತ್ತು ಹಾಕಿಸಿಕೊಂಡು ಇಳಿದರು. ಈ ಸಲ ತಲೆಯ ಮೇಲೆ ಒಂದೇ ಒಂದು ಹುಲ್ಲುಕಡ್ಡಿ. "ಇವ್ರು ಚೆನ್ನಾಗಿ ಓಡಿಸ್ತಾರೆ. ಆದ್ರೆ ಗುರುವಾರ ಓಡ್ಸೋಳು ನಾನು. ಈಗ ನಾನು ಓಡ್ಸಿದ್ರೆ ಒಳಗೆ ಯಾರಾದ್ರೂ ನಿಲ್ಬೇಕಲ್ಲ."

ಇವರು, ಮೆಕ್ಯಾನಿಕ್, ಪ್ಲಂಬರ್, ಮೂವರೂ ನನ್ನನ್ನೇ ನೋಡಿದರು. ನನ್ನಿಂದಾಗದು ಎನ್ನಬೇಕೆಂದಿದ್ದೆ. ಆದರೂ ಹತ್ತಿದೆ.

ಬಾಗಿಲು ಹಾಕಿದಾಗ ಒಳಗೆ ಮಬ್ಬು, ಹುಲ್ಲಿನ ಬಿಸಿ ವಾಸನೆ, ಎದುರಿಗೆ ಅಂಗೈಯಗಲದ ಕಿಟಕಿ. ಕಾಲು ಅಗಲಿಸಿ ನಿಂತು ಎಳೆತಕ್ಕಾಗಿ ಕಾದೆ. ಎಳೆತ ಬರಲಿಲ್ಲ. ಕಿಟಕಿಯಾಚೆ ಗೋಡೌನಿನ ಗೋಡೆ ಹಿಂದೆ ಸರಿಯುತ್ತಿರುವುದನ್ನು ನೋಡಿಯೇ ಹೊರಟಿದ್ದೇವೆಂದು ಗೊತ್ತಾಯಿತು. ತಿರುವಿಗೆ ಬಹಳ ಮುಂಚೆಯೇ ಅತ್ತೆ ವೇಗ ಇಳಿಸುತ್ತಿದ್ದರು, ಒಳಗಿರುವವರಿಗೆ ತಿರುವು ಬರುತ್ತಿದೆ ಎಂದು ತಿಳಿಸುವ ಹಾಗೆ. ಒಂದು ಸುತ್ತು ಮುಗಿದಾಗ ನನಗೆಲ್ಲಿಂದ ಧೈರ್ಯ ಬಂತೋ, ಕಿಟಕಿಗೆ ಬಾಯಿಟ್ಟು ಕೂಗಿದೆ:

"ಅತ್ತೇ! ಒಂದ್ಸಲ ಜೋರಾಗಿ ಬ್ರೇಕ್ ಹಾಕಿ! ನಂಗದು ನೋಡ್ಬೇಕು!"

ಹಾಕಿದರು. ಅಡಿಯಲ್ಲಿ ಟ್ರೇಲರಿನದೇ ಬ್ರೇಕು ಕಿರ್ರೆಂದಿತು. ನಾನು ಮುಗ್ಗರಿಸಿ ಎದೆಯೆತ್ತರದ ಅಡ್ಡಕಂಬಿ ಹಿಡಿದೆ. ಅಷ್ಟೇ. ಚೀಲಗಳು ಜರುಗಲಿಲ್ಲ, ಮುಂದಿನದೂ ಹಿಂದಿನದೂ ಒಂದೇ ಮೈಯೆಂಬಂತೆ ನಿಂತಿದ್ದವು. ಅತ್ತೆ ಬಂದು ಬಾಗಿಲು ತೆಗೆದರು.

"ಬಿದ್ಯಾ?"

"ಇಲ್ಲ."

"ಇನ್ನೊಂದ್ಸಲ?"

"ಬೇಡತ್ತೆ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅತ್ತೆ, "ಮಗು ಕೂರೋ ಗಾಡಿ. ಹೂಂ ಅನ್ನೋದು ನೀನು" ಎಂದುಬಿಟ್ಟರು. ಪ್ಲಂಬರ್, "ಬಣ್ಣದ ಕೆಲ್ಸದವ್ರೊಬ್ರು ಕೇಳ್ತಿದಾರೆ. ಮುಂದಿನ ವಾರದ ಬುಧವಾರ ಮಧ್ಯಾಹ್ನದವರೆಗೂ ನಿಮ್ಗೆ ಅಂತ ಇಟ್ಟಿರ್ತೀನಿ" ಎಂದು ಹೋದರು. ನಾನು ಮೀನಮೇಷ ಎಣಿಸುತ್ತ ಕೂತೆ. ಮೆಕ್ಯಾನಿಕ್ಕಿಗೆ ಮೂರು ಸಲ ಫೋನ್ ಮಾಡಿ ಟೈರು, ಬೆಲ್ಟು, ಟ್ರೇಲರಿನ ಬ್ರೇಕ್ ವೈರು ಎಲ್ಲ ವಿಚಾರಿಸಿದೆ. ನಾಲ್ಕನೆಯ ಸಲ ಅವನು, "ಅಕ್ಕಾ, ಗಾಡಿ ಸರಿಯಾಗಿದೆ. ನಿಮ್ಗೇನಾದ್ರೂ ಸರ್ವಿಸ್ ಮಾಡ್ಬೇಕಾ?" ಎಂದ. ಮೂರನೆಯ ಗುರುವಾರವೂ ಕಳೆಯಿತು.

ಆ ಬುಧವಾರ ಹನ್ನೊಂದರ ಹೊತ್ತಿಗೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ಅತ್ತೆ ಮೇಡಂಳ ಕೊರಳ ಕೂದಲು ಬಾಚುತ್ತಿದ್ದರು. ಗೊರಸಿಗೆ ಎಣ್ಣೆ ಸವರಿ ಆಗಿತ್ತು. ಸವಾರಿಯ ಹೊತ್ತಿಗೆ ಮಕ್ಕಳು ಹಿಡಿದುಕೊಳ್ಳುವ ಒಂಬತ್ತು ಬಟ್ಟೆಪಟ್ಟಿಗಳೂ ತೊಳೆದು ತಂತಿಯ ಮೇಲೆ ಒಣಗುತ್ತಿದ್ದವು. ನನ್ನ ಬಟ್ಟೆಗೆ ಜಾಗವೇ ಇರಲಿಲ್ಲ.

"ಯಾಕತ್ತೆ ಇದೆಲ್ಲ? ಇನ್ನೂ ಗಾಡೀನೇ ಇಲ್ವಲ್ಲ."

"ಬುಧವಾರ ಅಲ್ವಾ" ಎಂದರು. ಗಾಡಿಯಿಲ್ಲದ ಕಳೆದ ಮೂರು ಬುಧವಾರವೂ ಅವರು ಇದನ್ನೇ ಮಾಡಿದ್ದರು. ನಾನು ಫೋನಿನಲ್ಲಿ ಬ್ರೇಕುಗಳ ಬಗ್ಗೆ ಓದುತ್ತ ಒಳಗಿದ್ದೆ.

ಬಕೆಟ್ಟನ್ನು ಅಲ್ಲೇ ಇಟ್ಟು ಅಡುಗೆಮನೆಗೆ ಬಂದು ಪ್ಲಂಬರಿಗೆ ಫೋನ್ ಮಾಡಿದೆ. ಅವಸರದಲ್ಲಿ ನಂಬರು ತಪ್ಪಿ ಒಂದು ಸಲ ಬೇರೆಯವರಿಗೆ ಹೋಗಿ ಕ್ಷಮೆ ಕೇಳಬೇಕಾಯಿತು. ಎರಡನೆಯ ಸಲ ಅವರೇ ಎತ್ತಿದರು. ಹಿಂದೆ ಎಲ್ಲೋ ನಲ್ಲಿ ಸುರಿಯುತ್ತಿತ್ತು.

"ಕುದುರೆ ಮನೆಯಿಂದ ಮಾತಾಡ್ತಿದೀನಿ. ಕಾರು ನಾವು ತಗೋತೀವಿ."

"ಓಹೋ! ಒಳ್ಳೇದಾಯ್ತಮ್ಮ. ಸಂಜೆ ಪೈಪೆಲ್ಲ ಇಳ್ಸಿ, ಕಾಗದಪತ್ರ ಹಿಡ್ಕೊಂಡು ನಾನೇ ತಂದುಕೊಡ್ತೀನಿ."

"ಸಂಜೇನೇ ಬೇಕು, ತಪ್ಪಿಸ್ಬೇಡಿ. ಬೆಳಿಗ್ಗೆ ಎಂಟಕ್ಕೆ ಹೊರಡ್ಬೇಕು. ಮತ್ತೆ... ಹಿಂದಿನ ಸೀಟಲ್ಲಿ ಮಕ್ಕಳ ಸೀಟು ಕಟ್ಟೋಕೆ ಕೊಂಡಿ ಇದ್ಯಾ?"

"ಎರಡು ಕಡೇನೂ ಇದೆ. ಎರಡು ಸೀಟು ಕಟ್ಬೇಕಾ?"

"ಒಂದು ಸಾಕು" ಎಂದೆ. "ಪಕ್ಕದಲ್ಲಿ ನಾನು ಕೂರ್ತೀನಿ."