ಎಡತೋಳಿನ ಕಂದು ಚುಕ್ಕೆ

ಬಟ್ಟೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಚೆಕಿಂಗಕ್ಕ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ. ಹೊಲಿದು ಬಂದ ಅಂಗಿಯನ್ನು ಉದ್ದ ಮೇಜಿನ ಮೇಲೆ ಹರಡಿ, ಕಾಲರು, ತೋಳು, ಜೇಬು ಎಲ್ಲದರ ಮೇಲೂ ಕಣ್ಣಾಡಿಸಿ, ಆಮೇಲೆ ಒಳಮಗ್ಗುಲು ತಿರುಗಿಸಿ ಇನ್ನೊಮ್ಮೆ ನೋಡಬೇಕು. ತಪ್ಪು ಸಿಕ್ಕ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿದಳೆಂದರೆ ಹೊಲಿದವಳ ಮುಖ ಸಪ್ಪಗಾಗುತ್ತಿತ್ತು. "ನಮ್ಮಕ್ಕ ದೇವರೇ ಪ್ರತ್ಯಕ್ಷ ಆದ್ರೂ ಮೊದಲು ತಿರುಗಿಸಿ ನೋಡ್ತಾಳೆ ಕಣ್ರೇ" ಎಂದು ಹುಡುಗಿಯರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಸುಳ್ಳೇನಲ್ಲವಲ್ಲ!

ಈ ಅನುಮಾನದ ಬುದ್ಧಿ ಅವಳಿಗೆ ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತು ವರ್ಷದ ತಮ್ಮ ಹಲ್ಲು ಕೀಳಿಸಿಕೊಂಡು ನಗುನಗುತ್ತ ಮನೆಗೆ ಬಂದವನು ರಕ್ತ ನಿಲ್ಲದೆ ಮೂರನೇ ದಿನ ತೀರಿಕೊಂಡಿದ್ದ. ಅವಳ ಏಳು ವರ್ಷದ ಮಗನಿಗೂ ಅದೇ ಕಾಯಿಲೆ. ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಎಡವಿ ಬಿದ್ದರೆ ಕೀಲಿನೊಳಗೇ ಸೋರಿ ಮೊಣಕಾಲು ಊದಿಕೊಳ್ಳುತ್ತದೆ. ವಾರಕ್ಕೆ ಎರಡು ಸಲ ಅವಳೇ ಅವನ ನರಕ್ಕೆ ಔಷಧಿ ಚುಚ್ಚುತ್ತಿದ್ದಳು. ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದ್ದು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದೇ ತಡ, ಅತ್ತೆಗೆ ಒಂದು ಮಾತು ಸಿಕ್ಕಿಬಿಟ್ಟಿತು. "ನಮ್ಮ ಕಡೆ ಯಾರಿಗೂ ಇಲ್ಲಪ್ಪ." ಬಂದವರ ಎದುರು, ಹೋದವರ ಎದುರು ಅದೇ ಪಲ್ಲವಿ.

ಈಗ ಅವಳಿಗೆ ಮತ್ತೆ ನಾಲ್ಕು ತಿಂಗಳು. ಗಂಡುಮಗುವಾದರೆ ಕಾಯಿಲೆ ಬರುವುದು ಅರ್ಧಕ್ಕರ್ಧ, ಬೇಕಾದರೆ ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಬಹುದು ಎಂದರು ಡಾಕ್ಟರಮ್ಮ. "ಬೇಡ ಮೇಡಂ. ದೇವರು ಕೊಟ್ಟಿದ್ದಾನೆ. ಹೇಗಿದ್ರೂ ನಮ್ಮದೇ" ಎಂದಳು ಇವಳು. ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದ ಗಂಡ ತಲೆಯಾಡಿಸಿದ. ಅಷ್ಟೇ. ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರ್ ಅವನು. ಏಣಿ ಮೇಲೆ ನಿಂತು ಊರಿನ ಸುದ್ದಿಯೆಲ್ಲ ಹೇಳುವ ಬಾಯಿ ಅಲ್ಲಿ ಯಾಕೆ ಕಟ್ಟಿಹೋಯಿತು? ಒಪ್ಪಿಕೊಂಡು ಆಡಿಸಿದ ತಲೆಯೋ, ತಪ್ಪಿಸಿಕೊಳ್ಳಲು ಆಡಿಸಿದ್ದೋ? ಆ ತಲೆಯಾಟ ಪೊಳ್ಳಾಗಿದ್ದರೆ ಎರಡು ಮಕ್ಕಳನ್ನು ಕಟ್ಟಿಕೊಂಡು ಅವಳು ಒಬ್ಬಳೇ. ಆ ಹುಳ ತಲೆಯೊಳಗೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ.

ಹದಿನೈದು ದಿನವಾದ ಮೇಲೆ ಒಗೆಯಲು ಹಾಕಿದ ಅಂಗಿಯನ್ನು ಅಭ್ಯಾಸಬಲದಿಂದ ಒಳಮಗ್ಗುಲು ತಿರುಗಿಸಿದಳು. ಎಡತೋಳಿನಲ್ಲಿ, ಮೊಣಕೈ ಮಡಚುವ ಜಾಗಕ್ಕೆ ಸರಿಯಾಗಿ, ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ. ಬಣ್ಣವಲ್ಲ. ಹತ್ತು ವರ್ಷ ಪೇಂಟರನ ಬಟ್ಟೆ ಒಗೆದವಳಿಗೆ ಬಣ್ಣ ಯಾವುದು, ರಕ್ತ ಯಾವುದು ಗೊತ್ತಿಲ್ಲವೇ? ಮುಂದಿನ ವಾರ ಇನ್ನೊಂದು ಅಂಗಿ, ಅದೇ ಜಾಗ, ಎರಡು ಚುಕ್ಕೆ. ಸೆಕೆಗೆ ಬನಿಯನ್ನಿನಲ್ಲೇ ಓಡಾಡುತ್ತಿದ್ದವನು ಈಗ ಮನೆಯೊಳಗೂ ತುಂಬುತೋಳಿನ ಅಂಗಿ ಬಿಚ್ಚುತ್ತಿರಲಿಲ್ಲ.

"ತೋಳಿಗೆ ಏನಾಗಿದೆ ರೀ?"

"ಸೊಳ್ಳೆ" ಎಂದ ಅವನು, ತಟ್ಟೆಯಿಂದ ಕಣ್ಣೆತ್ತದೆ.

ಯಾವ ಸೊಳ್ಳೆ ಪ್ರತಿ ಸಲ ಹುಡುಕಿಕೊಂಡು ಬಂದು ಒಂದೇ ಕಡೆ ಕಚ್ಚುತ್ತದೆ?

ಮೊದಲು ಅಮಲಿನ ಚಟವೇನೋ ಎಂದು ಹೆದರಿದಳು. ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಅಂಥದ್ದೇನೂ ಕಾಣಲಿಲ್ಲ. ಆಮೇಲೆ ಅತ್ತೆಯ ಪಲ್ಲವಿ ಕಿವಿಗೆ ಬಿತ್ತು, ಎಲ್ಲ ತಾಳೆಯಾಯಿತು. ಇವನು ರಕ್ತ ಪರೀಕ್ಷೆ ಮಾಡಿಸುತ್ತಿದ್ದಾನೆ. ತನ್ನ ರಕ್ತ ಶುದ್ಧ, ದೋಷವೆಲ್ಲ ಹೆಂಡತಿಯದು ಎಂದು ಡಾಕ್ಟರ ಕೈಯಲ್ಲಿ ಬರೆಸಿಕೊಂಡು, ಆ ಕಾಗದ ಹಿಡಿದು ಬಿಟ್ಟುಹೋಗುತ್ತಾನೆ. ಅವತ್ತು ಕಾರ್ಖಾನೆಯಲ್ಲಿ ಹೊಲಿಗೆ ಬಿಟ್ಟ ಎಂಟು ಅಂಗಿಗಳನ್ನು ಸರಿಯಿದೆ ಎಂದು ದಾಟಿಸಿಬಿಟ್ಟಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳೇ ಬೈಸಿಕೊಂಡಳು.

ಶನಿವಾರ ಬೆಳಗ್ಗೆ ಪ್ರಾರ್ಥನೆಗೆ ಮೂವರೂ ಒಟ್ಟಿಗೆ ಹೋಗುವುದು ರೂಢಿ. ಈಚೆಗೆ ಅವನು ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ಕೂರುತ್ತಿದ್ದ, ಮನೆಯಿಂದ ಒಂದು ಗಂಟೆ ಮುಂಚೆಯೇ ಹೊರಡುತ್ತಿದ್ದ. ಪ್ರಾರ್ಥನಾ ಮಂದಿರದ ಹಿಂದಿನ ಗೋಡೆಗೆ ಪುಕ್ಕಟೆ ಬಣ್ಣ ಹೊಡೆದುಕೊಡುತ್ತಿದ್ದೇನೆ ಎನ್ನುತ್ತಿದ್ದ. ಅವಳು ಹೋಗಿ ಆ ಗೋಡೆ ನೋಡಿದಳು. ಹಳೇ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಉದುರುತ್ತಿತ್ತು, ಕುಂಚದ ಒಂದು ಗೆರೆಯೂ ಇಲ್ಲ. ದೇವರ ಹೆಸರಿನಲ್ಲೂ ಸುಳ್ಳೇ!

ಮರುವಾರ ಮಗನನ್ನು ಅತ್ತೆಯ ಹತ್ತಿರ ಬಿಟ್ಟು ಹಿಂದೆಯೇ ಹೊರಟಳು. ಅವನು ಮಂದಿರದ ತಿರುವು ದಾಟಿ ಆಸ್ಪತ್ರೆಯ ಪಕ್ಕದ ಬಾಗಿಲಿನಿಂದ ಒಳಗೆ ಹೋದ. ಕಾಗದದ ವಿಷಯ ನಿಜವಾಯಿತಲ್ಲ ಎಂದುಕೊಂಡಳು. ಸದ್ದಿಲ್ಲದೆ ಒಳಗಿನ ಕಾರಿಡಾರಿನ ಕೊನೆಯ ಕೋಣೆಯವರೆಗೆ ನಡೆದು, ಬಾಗಿಲಿನ ಗಾಜಿನಿಂದ ಇಣುಕಿದಳು.

ಮಗನಿಗೆ ಔಷಧಿ ಕೊಡುವುದನ್ನು ಅವಳಿಗೆ ಕಲಿಸಿದ್ದ ದೊಡ್ಡ ಸಿಸ್ಟರ್ ಕೈಕಟ್ಟಿ ನಿಂತಿದ್ದರು. ಅವನು ಎಡತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಬಲಗೈಯಲ್ಲಿ ಸೂಜಿ ಹಿಡಿದಿದ್ದ. ಮುಖ ಬಿಳುಚಿಕೊಂಡಿತ್ತು. ರಕ್ತ ಕಂಡರೆ ಆಗದವನು! ಮಗನ ತುಟಿ ಒಡೆದ ದಿನ ರಕ್ತ ನೋಡಿ ಇವನೇ ಧೊಪ್ಪನೆ ಬಿದ್ದು, ಅವಳು ಮಗನನ್ನು ಬಿಟ್ಟು ಗಂಡನ ಮುಖಕ್ಕೆ ನೀರು ಚಿಮುಕಿಸಿದ್ದಳು. ಅಂಥವನು ಈಗ ತನ್ನದೇ ನರ ಹುಡುಕುತ್ತಿದ್ದ.

ಅವಳು ಬಾಗಿಲು ದೂಡಿದಳು. ಅವನು ಬೆಚ್ಚಿದ, ಸೂಜಿ ಜಾರಿತು.

"ಇದೇನು ರೀ ಇದು?"

"ಕಲೀತಿದ್ದೀನಿ" ಎಂದ, ಕಳ್ಳ ಸಿಕ್ಕಿಬಿದ್ದ ಹಾಗೆ. "ನೀನು ಹೆರಿಗೆಗೆ ಹೋದ ದಿನ ದೊಡ್ಡವನು ಬಿದ್ರೆ ಯಾರು ಚುಚ್ಚೋರು? ಚಿಕ್ಕವನಿಗೂ ಬೇಕಾದ್ರೆ ನಿನಗೆ ಇರೋದು ಎರಡೇ ಕೈ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಪಕ್ಕದಲ್ಲಿ ನಿಂತು ಚೆಕ್ ಮಾಡ್ತಿದ್ದೆ. ಇರೋ ಧೈರ್ಯವೂ ಹೋಗ್ತಿತ್ತು."

ದೊಡ್ಡ ಸಿಸ್ಟರ್ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ಅವಳಿಗೆ ನಗು ಬರಲಿಲ್ಲ.

"ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿ ಅಷ್ಟು ಹೊತ್ತು ಏನು ಕೇಳ್ಕೋತೀರಿ?"

ಅವನು ಹತ್ತಿಯಿಂದ ತೋಳು ಒತ್ತಿಕೊಂಡ. "ಮೊದಲ ಸಲಕ್ಕೇ ನರ ಸಿಗಲಿ ಅಂತ."

ಅವಳು ಸ್ಟೂಲಿನ ಮೇಲೆ ಕೂತಳು. ಹೇಗಿದ್ದರೂ ನಮ್ಮದೇ ಎಂದು ಡಾಕ್ಟರಮ್ಮನ ಎದುರು ದೊಡ್ಡದಾಗಿ ಹೇಳಿದವಳು ಅವಳು. ಪ್ರತಿ ಶನಿವಾರ ಒಳಗೊಳಗೇ ಬೇಡಿಕೊಂಡದ್ದು ಮಾತ್ರ, ಹೆಣ್ಣಾಗಲಿ, ಇಲ್ಲವೇ ಕಾಯಿಲೆ ಇಲ್ಲದ್ದಾಗಲಿ ಎಂದು. ಬರುವ ಮಗು ಎಂಥದ್ದೇ ಆಗಲಿ, ಅದನ್ನು ಎತ್ತಿಕೊಳ್ಳಲು ಕೈ ಚಾಚಿ ನಿಂತವನು ಬಾಯಿಬಿಡದ ಈ ಮನುಷ್ಯ. ನಾಚಿಕೆಯಿಂದ ಅವಳಿಗೆ ಅಳು ಬಂತು, ಅತ್ತಳು.

ಆಮೇಲೆ ಮೂಗು ಒರೆಸಿಕೊಂಡು, ರವಿಕೆಯ ತೋಳು ಮೇಲಕ್ಕೆ ಸರಿಸಿ, ಕೈಯನ್ನು ಅವನ ಮುಂದಿನ ದಿಂಬಿನ ಮೇಲಿಟ್ಟಳು. "ನಿಮ್ಮ ಕೈ ನಿಮಗೆ ಗೊತ್ತು. ಬೇರೆಯವರ ಕೈಯಲ್ಲಿ ಕಲೀಬೇಕು. ಚುಚ್ಚಿ."

"ಬಸುರಿಗೆ ಯಾಕಮ್ಮ ಈ ಉಸಾಬರಿ?" ಎಂದರು ಸಿಸ್ಟರ್.

"ತಪಾಸಣೆಗೆ ಅಂತ ತಿಂಗಳಿಗೊಂದು ಸಲ ನೀವೇ ರಕ್ತ ತೆಗೀತೀರಲ್ಲ ಸಿಸ್ಟರ್? ಈ ತಿಂಗಳದ್ದು ಇವರು ತೆಗೀಲಿ."

ಸಿಸ್ಟರ್ ನಿಟ್ಟುಸಿರುಬಿಟ್ಟು ಹೊಸ ಸೂಜಿಯ ಪೊಟ್ಟಣ ಒಡೆದು ಕೊಟ್ಟರು. ಅವನು ಅವಳ ತೋಳಿಗೆ ಪಟ್ಟಿ ಬಿಗಿದ. ಮೊದಲ ಸಲ ನರ ತಪ್ಪಿತು. ಎರಡನೇ ಸಲವೂ ತಪ್ಪಿತು. ಅವನು ಹೆದರಿ ಅವಳ ಮುಖ ನೋಡಿದ. ಅವಳು ಸೂಜಿಯ ಕಡೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಕೈ ಅಲ್ಲೇ ಬಿಟ್ಟು ಕೂತಿದ್ದಳು.